ಆಕೆ ಐದು ತಿಂಗಳ ತಾಯಿ, ನೀವು ಮೂರು ವಾರದ ತಂದೆ

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಪತ್ನಿಯ ಚೊಚ್ಚಲ ಹೆರಿಗೆ ಹಾವೇರಿ ಜಿಲ್ಲೆಯ ಆಕೆಯ ತವರಿನಲ್ಲಿ, ಸಿಸೇರಿಯನ್ ಮೂಲಕ ಆಯಿತು. ಬಾಣಂತನ ಮುಗಿಸಿಕೊಂಡು ಐದನೇ ತಿಂಗಳಲ್ಲಿ ಮಗಳೊಂದಿಗೆ ಮನೆಗೆ ಬಂದು ಮೂರು ವಾರವಾಗಿದೆ. ನಾನು ಎತ್ತಿಕೊಂಡರೆ ಮಗು ಅಳುತ್ತದೆ, ಅವಳು ಬಂದು ತೆಗೆದುಕೊಂಡ ಕೂಡಲೇ ಸುಮ್ಮನಾಗುತ್ತದೆ. ಜೊತೆಗಿರುವ ನನ್ನ ತಾಯಿ, ಗಂಡಸರಿಗೆ ಎಳೆಗೂಸು ಹಿಡಿಯಲು ಬರುವುದಿಲ್ಲ ಬಿಡು ಎನ್ನುತ್ತಾರೆ. ಮೊದಲು ನಾವಿಬ್ಬರೂ ಊಟವಾದ ಮೇಲೆ ಗಂಟೆಗಟ್ಟಲೆ ಮಾತನಾಡುತ್ತಿದ್ದೆವು. ಈಗ ಹಾಲು, ನಿದ್ದೆ, ಡೈಪರ್ ಬಿಟ್ಟರೆ ಬೇರೆ ಮಾತಿಲ್ಲ. ಅವಳು ರಾತ್ರಿ ಎದ್ದೆದ್ದು ಮಗು ಉಸಿರಾಡುತ್ತಿದೆಯೇ ಎಂದು ನೋಡುತ್ತಾಳೆ, ಸಣ್ಣ ವಿಷಯಕ್ಕೂ ಸಿಡುಕುತ್ತಾಳೆ, ಒಮ್ಮೊಮ್ಮೆ ಅಳುತ್ತಾಳೆ. ಮುಂದಿನ ತಿಂಗಳು ಅವಳ ರಜೆ ಮುಗಿಯುತ್ತದೆ. ನಿಜ ಹೇಳಬೇಕೆಂದರೆ, ತಂದೆಯಾದೆ ಎಂಬ ಭಾವವೇ ನನಗೆ ಇನ್ನೂ ಬಂದಿಲ್ಲ. ಇದು ತಪ್ಪೇ? ನಾವು ಮೊದಲಿನಂತಾಗಲು ಎಷ್ಟು ದಿನ ಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ತಪ್ಪಲ್ಲ. ಎರಡನೆಯದಕ್ಕೆ ನಾನು ಕೊಡುವ ಉತ್ತರ ನಿಮಗೆ ಕೂಡಲೇ ಹಿಡಿಸದಿರಬಹುದು. ನೀವು ಮೊದಲಿನಂತಾಗುವುದಿಲ್ಲ, ನಿಮ್ಮ ಪತ್ನಿಯೂ ಆಗುವುದಿಲ್ಲ, ನಿಮ್ಮಿಬ್ಬರ ನಡುವಿನ ಸಂಬಂಧವೂ ಹಳೆಯ ರೂಪಕ್ಕೆ ಹಿಂದಿರುಗುವುದಿಲ್ಲ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುವಾಗ ಜೀವಾಪಾಯವನ್ನು ದಾಟಿ ಬಂದಳು ಎಂಬ ಅರ್ಥದಲ್ಲಿ ಹೇಳುತ್ತಿದ್ದರು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಮನೋವೈದ್ಯೆಯಾಗಿ ತಾಯಂದಿರನ್ನು ನೋಡುತ್ತ ಬಂದ ನನಗೆ ಆ ಮಾತು ಅಕ್ಷರಶಃ ನಿಜವೆನಿಸುತ್ತದೆ, ಏಕೆಂದರೆ ಹೆರಿಗೆಯ ಕೋಣೆಯಿಂದ ಹೊರಬರುವ ಹೆಣ್ಣು ಒಳಗೆ ಹೋದವಳೇ ಆಗಿರುವುದಿಲ್ಲ. ನಿಮ್ಮ ಮನೆಯಲ್ಲಿ ಈಗ ಆಗಿರುವುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಆಕೆ ಐದು ತಿಂಗಳ ತಾಯಿ, ನೀವು ಮೂರು ವಾರದ ತಂದೆ. ನೀವು ಬರೆದಿರುವ ತೊಡಕುಗಳಲ್ಲಿ ಬಹುಪಾಲು ಈ ಅಂತರದಿಂದ ಹುಟ್ಟಿದವು.

ಮೊದಲು ಆಕೆಗೆ ಏನಾಗಿದೆ ಎಂಬುದನ್ನು ನೋಡೋಣ. ಹೆರಿಗೆಯಲ್ಲಿ ಮಾಸು ಹೊರಬಿದ್ದ ಕ್ಷಣದಿಂದ, ಒಂಬತ್ತು ತಿಂಗಳು ಏರುತ್ತಲೇ ಹೋಗಿದ್ದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಎರಡು ಮೂರು ದಿನಗಳಲ್ಲಿ ನೆಲ ಕಚ್ಚುತ್ತವೆ; ಮನುಷ್ಯರ ದೇಹದಲ್ಲಿ ಇಷ್ಟು ಕಡಿದಾದ ಹಾರ್ಮೋನ್ ಕುಸಿತ ಬೇರೆ ಸಂದರ್ಭಗಳಲ್ಲಿ ಕಾಣುವುದು ಅಪರೂಪ. ಸುಮಾರು ಒಂದು ಕಿಲೋ ತೂಗುತ್ತಿದ್ದ ಗರ್ಭಕೋಶ ಆರು ವಾರಗಳಲ್ಲಿ 100 ಗ್ರಾಮಿಗೂ ಕಡಿಮೆಯಾಗುತ್ತದೆ. ಹೊಟ್ಟೆ ಕೊಯ್ದ ಗಾಯ ಮಾಯುತ್ತಿರುವಾಗಲೇ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಎದೆಹಾಲು ಕೊಡಬೇಕು, ಹಾಗಾಗಿ ಆಕೆಗೆ ಸತತವಾಗಿ ನಾಲ್ಕು ಗಂಟೆಯ ನಿದ್ದೆಯೂ ಸಿಗುವುದಿಲ್ಲ.

ಮಿದುಳೂ ಬದಲಾಗುತ್ತದೆ. ಬಾರ್ಸಿಲೋನಾದ ಸಂಶೋಧಕರು 25 ಮಹಿಳೆಯರ ಮಿದುಳನ್ನು ಅವರು ಗರ್ಭಿಣಿಯರಾಗುವ ಮೊದಲೊಮ್ಮೆ, ಚೊಚ್ಚಲ ಹೆರಿಗೆಯ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡಿ, 2016ರ ಕೊನೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಇನ್ನೊಬ್ಬರ ಮನಸ್ಸನ್ನು ಊಹಿಸಿ ಅರಿಯುವ ಕೆಲಸಕ್ಕೆ ಸಂಬಂಧಿಸಿದ ಭಾಗಗಳಲ್ಲಿ ಬೂದು ದ್ರವ್ಯದ ಗಾತ್ರ ಕಡಿಮೆಯಾಗಿತ್ತು. ಎರಡು ವರ್ಷ ಕಳೆದರೂ ಆ ಬದಲಾವಣೆ ಉಳಿದಿತ್ತು. ಕಡಿಮೆಯಾಯಿತು ಎಂದ ಕೂಡಲೇ ಬುದ್ಧಿ ಮಂಕಾಯಿತು ಎಂದು ಗಾಬರಿಯಾಗಬೇಕಿಲ್ಲ. ಹರೆಯದಲ್ಲಿಯೂ ಮಿದುಳು ಹೀಗೆಯೇ ಬೇಡದ ಎಳೆಗಳನ್ನು ಸವರಿಕೊಂಡು ಬೇಕಾದುದನ್ನು ಚುರುಕುಗೊಳಿಸಿಕೊಳ್ಳುತ್ತದೆ, ಇಲ್ಲಿ ನಡೆಯುವುದೂ ಅದೇ ಬಗೆಯದೆಂದು ಸಂಶೋಧಕರು ಭಾವಿಸುತ್ತಾರೆ. ಡೇನಾ ರಾಫೆಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿಯೇ ತಾಯಿಯಾಗುವ ಈ ಘಟ್ಟವನ್ನು ಹರೆಯಕ್ಕೆ ಹೋಲಿಸಿ, ಅದಕ್ಕೆ ಮ್ಯಾಟ್ರೆಸೆನ್ಸ್ ಎಂದು ಹೆಸರಿಟ್ಟಿದ್ದರು. ಹದಿನಾಲ್ಕರ ಮಗಳು ಸಿಡುಕಿದರೆ ವಯಸ್ಸು ಹಾಗಿದೆ ಎಂದು ಮನೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಅಷ್ಟೇ ದೊಡ್ಡ ತಿರುವಿನಲ್ಲಿರುವ ಬಾಣಂತಿ ಸಿಡುಕಿದರೆ ಮಾತ್ರ ಎಲ್ಲರಿಗೂ ಆಶ್ಚರ್ಯ. ನಿಮ್ಮ ಪತ್ನಿ ನಡುರಾತ್ರಿ ಎದ್ದು ಮಗುವಿನ ಮೂಗಿನ ಬಳಿ ಬೆರಳಿಟ್ಟು ನೋಡುವುದೂ ಈ ಹೊಸ ಎಚ್ಚರದ ಒಂದು ಭಾಗ. ಅದು ಎಲ್ಲಿಯವರೆಗೆ ಸಹಜ, ಎಲ್ಲಿಂದಾಚೆ ಕಾಯಿಲೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬಾರ್ಸಿಲೋನಾದ ಆ ಅಧ್ಯಯನದಲ್ಲಿ ತಂದೆಯರನ್ನೂ ಪರೀಕ್ಷಿಸಲಾಗಿತ್ತು, ಅವರಲ್ಲಿ ಇಂತಹ ಬದಲಾವಣೆ ಕಾಣಲಿಲ್ಲ. ಹಾಗಾದರೆ ಗಂಡಸು ಬದಲಾಗುವುದೇ ಇಲ್ಲವೇ? ಬದಲಾಗುತ್ತಾನೆ, ಆದರೆ ಅವನ ದಾರಿ ಬೇರೆ. ಫಿಲಿಪ್ಪೀನ್ಸ್‌ನ ಸೆಬು ನಗರದಲ್ಲಿ 624 ಯುವಕರ ಟೆಸ್ಟೊಸ್ಟಿರಾನ್ ಎಂಬ ಪುರುಷ ಹಾರ್ಮೋನಿನ ಮಟ್ಟವನ್ನು 2005ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ಅಳೆದರು. ಈ ನಡುವೆ ತಂದೆಯಾದವರಲ್ಲಿ ಆ ಹಾರ್ಮೋನು ಉಳಿದವರಿಗಿಂತ ಹೆಚ್ಚು ಇಳಿದಿತ್ತು. ತಂದೆಯರ ಪೈಕಿ, ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮಗುವಿನ ಆರೈಕೆ ಮಾಡುತ್ತಿದ್ದವರಲ್ಲಿ ಅದರ ಮಟ್ಟ ಆರೈಕೆಯಲ್ಲಿ ತೊಡಗದವರಿಗಿಂತ ಕಡಿಮೆಯಿತ್ತು. ಆಕೆಯ ದೇಹಕ್ಕೆ ಒಂಬತ್ತು ತಿಂಗಳ ಬಸಿರು ಮಾಡಿದ ಕೆಲಸವನ್ನು ನಿಮ್ಮಲ್ಲಿ ನಿಮ್ಮ ಕೈಗಳು ಮಾಡಬೇಕಾಗುತ್ತದೆ. ಭಾವ ಮೊದಲು ಬರಲಿ, ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತೇನೆ ಎಂದು ಕಾದರೆ ಅದು ಬರುವುದಿಲ್ಲ. ಎತ್ತಿಕೊಂಡು, ಒರೆಸಿ, ತಟ್ಟಿ ಮಲಗಿಸಿ, ಹತ್ತಾರು ಸಲ ಸೋತು, ಹನ್ನೊಂದನೆಯ ಸಲ ಮಗು ನಿಮ್ಮ ಹೆಗಲ ಮೇಲೆ ನಿದ್ದೆ ಹೋದಾಗ ಅದು ಬರುತ್ತದೆ.

ಈ ಅವಕಾಶ ನಿಮಗೆ ಇಷ್ಟು ದಿನ ಏಕೆ ಸಿಗಲಿಲ್ಲ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಅದನ್ನು ನಿಮ್ಮದೇ ಕೊರತೆ ಎಂದುಕೊಂಡಂತಿದೆ. ನಮ್ಮ ಬಾಣಂತನದ ಪದ್ಧತಿಯ ಬಗ್ಗೆ ನನಗೆ ತುಂಬ ಗೌರವವಿದೆ. ಅಳವಿ ಪಾಯಸ, ಅಂಟಿನುಂಡೆ, ಎಣ್ಣೆ ನೀವುವುದು, ಬಿಸಿನೀರು, ಮನೆಗೆಲಸದಿಂದ ಸಂಪೂರ್ಣ ಬಿಡುಗಡೆ, ಹಗಲೂ ರಾತ್ರಿ ಪಕ್ಕದಲ್ಲಿ ಅನುಭವಸ್ಥ ಹೆಂಗಸು ಇರುವುದು, ಇವೆಲ್ಲ ಸೇರಿ ಹೊಸ ತಾಯಿಗೆ ಕೊಡುವ ಆಸರೆಯನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಬಾಣಂತಿಗೆ ನೀರು ಕುಡಿಯಲು ಬಿಡದಿರುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಡುವುದು, ಹಸುಗೂಸಿಗೆ ದಟ್ಟ ಹೊಗೆ ಹಾಕುವುದು ಇವು ಅಪಾಯಕಾರಿ, ಅವುಗಳನ್ನು ಬಿಡಲೇಬೇಕು. ಉಳಿದುದರಲ್ಲಿ ಉಳಿಸಿಕೊಳ್ಳಬೇಕಾದದ್ದೇ ಹೆಚ್ಚು.

ಆ ಪದ್ಧತಿ ನಿಮ್ಮ ಪತ್ನಿಗೆ ಕೊಟ್ಟ ಅತಿ ದೊಡ್ಡ ವಸ್ತುವೆಂದರೆ ಕಲಿಕೆ. ಮಗುವಿಗೆ ನೀರೆರೆಯುವುದನ್ನೇ ತೆಗೆದುಕೊಳ್ಳಿ. ಅಜ್ಜಿ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಜೋಡಿಸಿದ ಎರಡೂ ಕಾಲುಗಳ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸಿಕೊಳ್ಳುತ್ತಾಳೆ. ಹಂಡೆಯ ನೀರನ್ನು ಬೆರಕೆ ಮಾಡಿ, ತನ್ನ ಮುಂಗೈ ಮೇಲೆ ಸುರಿದುಕೊಂಡು ಬಿಸಿ ನೋಡುತ್ತಾಳೆ. ನೀರು ಕಣ್ಣಿಗೆ ಇಳಿಯದಂತೆ ಎಡಗೈಯನ್ನು ಮಗುವಿನ ಹಣೆಗೆ ಅಡ್ಡ ಹಿಡಿದು, ಬಲಗೈಯ ತಂಬಿಗೆಯಿಂದ ನೆತ್ತಿಗೆ ಎರೆಯುತ್ತಾಳೆ. ಮಗು ಕಿರುಚುತ್ತದೆ, ಅವಳ ಕೈ ನಡುಗುವುದಿಲ್ಲ. ಬಾಗಿಲಲ್ಲಿ ನಿಂತ ಹೊಸ ತಾಯಿ ಇದನ್ನು ವಾರಗಟ್ಟಲೆ ನೋಡುತ್ತಾಳೆ. ಅತ್ತರೆ ಏನೂ ಆಗುವುದಿಲ್ಲ, ನೀರಿನಿಂದ ಎತ್ತಿ ಬೆಚ್ಚಗೆ ಸುತ್ತಿದರೆ ಮಗು ತಾನಾಗಿ ನಿದ್ದೆ ಹೋಗುತ್ತದೆ ಎಂಬುದು ಅವಳಿಗೆ ಕಣ್ಣಿನ ಮೂಲಕವೇ ತಿಳಿಯುತ್ತದೆ. ಒಂದು ದಿನ ಅಜ್ಜಿ ಎದ್ದು, ಇವತ್ತು ನೀನು ಎರೆ ಎನ್ನುತ್ತಾಳೆ. ಆಗ ತಾಯಿ ಮಣೆಯ ಮೇಲೆ ಕೂರುತ್ತಾಳೆ, ಬಾಗಿಲಲ್ಲಿ ಅಜ್ಜಿ ನಿಲ್ಲುತ್ತಾಳೆ.

ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ? ಬೆಂಗಳೂರಿನಲ್ಲಿ. ಹದಿನೈದು ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ರಾತ್ರಿ ಬಸ್ಸು ಹತ್ತಿ ಹೋದಾಗ ನೀವು ಆ ಮನೆಯ ಅಳಿಯ. ನಿಮಗೆ ಹೋಳಿಗೆ ಬಡಿಸುತ್ತಿದ್ದರು, ಸ್ನಾನ ಮಾಡಿಸಿ, ಕಾಡಿಗೆ ಬೊಟ್ಟಿಟ್ಟು, ಹೊಟ್ಟೆ ತುಂಬಿಸಿದ ಮಗುವನ್ನು ತಂದು ತೊಡೆಯ ಮೇಲಿಡುತ್ತಿದ್ದರು. ಅದು ಮುಖ ಕಿವಿಚಿದ ಕೂಡಲೇ ಯಾರೋ ಬಂದು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅದೆಲ್ಲ ಪ್ರೀತಿಯಿಂದಲೇ ನಡೆದದ್ದು. ಆದರೆ ಮಗುವಿನ ಅಳುವನ್ನು ಕೇಳಿ, ಅದರ ಕಾರಣ ಹುಡುಕಿ, ಸಮಾಧಾನ ಮಾಡಿ ಗೆಲ್ಲುವ ಸಂದರ್ಭ ಐದು ತಿಂಗಳಲ್ಲಿ ನಿಮಗೆ ಒಮ್ಮೆಯೂ ಬರಲಿಲ್ಲ. ನನ್ನ ಹೊರರೋಗಿ ವಿಭಾಗಕ್ಕೆ ಬರುವ ಎಷ್ಟೋ ತಂದೆಯರು ಮಗುವಿನ ಬಟ್ಟೆಯ ಚೀಲ ಹಿಡಿದು ಬಾಗಿಲ ಬಳಿಯೇ ನಿಂತಿರುತ್ತಾರೆ. ಕುರ್ಚಿ ತೋರಿಸಿ ಕರೆದರೆ ಮಾತ್ರ ಒಳಗೆ ಬರುತ್ತಾರೆ. ಅವರಿಗೆ ಮಗುವಿನ ಮೇಲೆ ಅಕ್ಕರೆಯಿಲ್ಲವೆಂದು ನನಗೆ ಎಂದೂ ಅನಿಸಿಲ್ಲ. ಅವರನ್ನು ಹೊಸಿಲಾಚೆ ನಿಲ್ಲಿಸಿದ್ದು ನಾವೆಲ್ಲ ಸೇರಿ.

ಇನ್ನು ನಿಮ್ಮ ಮಗಳ ಅಳು. ಐದಾರು ತಿಂಗಳ ಹೊತ್ತಿಗೆ ಮಗು ಪರಿಚಿತ ಮುಖವನ್ನೂ ಅಪರಿಚಿತ ಮುಖವನ್ನೂ ಸ್ಪಷ್ಟವಾಗಿ ಬೇರ್ಪಡಿಸತೊಡಗುತ್ತದೆ. ಹೊಸಬರನ್ನು ಕಂಡು ಅಳುವುದು ಮುಂದಿನ ಕೆಲವು ತಿಂಗಳುಗಳಲ್ಲಿ ಇನ್ನೂ ಹೆಚ್ಚಾಗಬಹುದು. ಮನೆ ಬದಲಾಗಿದೆ, ತೊಟ್ಟಿಲು ಬದಲಾಗಿದೆ, ಅಜ್ಜಿಯ ದನಿಯಿಲ್ಲ. ಇದೆಲ್ಲದರ ನಡುವೆ ಗಡ್ಡದ ಹೊಸ ಮುಖವೊಂದು ಹತ್ತಿರ ಬರುತ್ತದೆ. ಅವಳು ನಿಮ್ಮನ್ನು ತಿರಸ್ಕರಿಸುತ್ತಿಲ್ಲ, ನೀವು ಯಾರೆಂದು ಅವಳಿಗಿನ್ನೂ ಗೊತ್ತಿಲ್ಲ.

ಆದುದರಿಂದ ಮಗುವಿನ ದಿನದ ಯಾವುದಾದರೂ ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ನಿಮ್ಮದಾಗಿಸಿಕೊಳ್ಳಿ. ಸಹಾಯ ಮಾಡುತ್ತೇನೆ ಎನ್ನಬೇಡಿ. ಸಹಾಯ ಮಾಡುವವರಿಗೆ ಪ್ರತಿ ಸಲವೂ ಏನು ಮಾಡಬೇಕೆಂದು ಹೇಳುವ ಹೊರೆ ಮತ್ತೆ ತಾಯಿಯ ತಲೆಯ ಮೇಲೆಯೇ ಬೀಳುತ್ತದೆ. ನೀವು ಕಚೇರಿಗೆ ಹೊರಡುವ ಮುನ್ನ ಬೆಳಗಿನ ಸ್ನಾನ ನಿಮ್ಮದಾಗಲಿ: ನೀರು ಕಾಯಿಸುವುದು, ಎಣ್ಣೆ ಹಚ್ಚುವುದು, ಬಟ್ಟೆ ತೆಗೆದಿಡುವುದು, ಎರೆಯುವುದು, ಒರೆಸಿ ಸುತ್ತುವುದು, ಬಚ್ಚಲು ತೊಳೆಯುವುದರವರೆಗೆ. ನಿಮ್ಮ ತಾಯಿಯನ್ನೇ ಗುರುವನ್ನಾಗಿ ಮಾಡಿಕೊಳ್ಳಿ. ಗಂಡಸರಿಗೆ ಬರುವುದಿಲ್ಲ ಎಂದವರ ಬಳಿಗೇ ಹೋಗಿ, ಅಮ್ಮ, ನನಗೆ ಎರೆದ ಹಾಗೆ ಇವಳಿಗೂ ಎರೆಯುವುದನ್ನು ನನಗೆ ಕಲಿಸು ಎಂದು ಕೇಳಿದರೆ, ಯಾವ ತಾಯಿಯೂ ಇಲ್ಲವೆನ್ನಲಾರಳು. ಒಂದು ವಾರ ಅವರು ಎರೆಯುವುದನ್ನು ನೋಡಿ, ಮರುವಾರ ನೀವು ಎರೆಯಿರಿ, ಅವರು ಬಾಗಿಲಲ್ಲಿ ನಿಲ್ಲಲಿ.

ಸಂಜೆ ಒಂದು ಗಂಟೆ ಮಗು ನಿಮ್ಮೊಬ್ಬರ ಬಳಿಯೇ ಇರಲಿ. ಆ ಹೊತ್ತಿನಲ್ಲಿ ನಿಮ್ಮ ಪತ್ನಿ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರೆ ಪ್ರಯೋಜನವಿಲ್ಲ. ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ, ಅಥವಾ ಹೊರಗೆ ನಡೆದು ಬರಲಿ. ಮಗು ಅತ್ತರೆ ಕೂಡಲೇ ಅವರ ಕೈಗೆ ದಾಟಿಸಬೇಡಿ. ಒದ್ದೆಯಾಗಿದೆಯೇ ನೋಡಿ, ತೇಗು ಬರಿಸಿ, ಹೆಗಲಿಗೆ ಹಾಕಿಕೊಂಡು ಬಾಲ್ಕನಿಯಲ್ಲಿ ನಡೆಯಿರಿ, ನಿಮಗೆ ಬರುವ ಯಾವುದಾದರೂ ಪದ ಗುನುಗಿ. ಹಸಿವಾಗಿದೆ ಎಂದು ಖಚಿತವಾದರೆ ಕೊಡಿ, ಹಾಲು ಕುಡಿಸಿದ ಮೇಲೆ ಮತ್ತೆ ಎತ್ತಿಕೊಳ್ಳಿ. ನಿಮ್ಮ ಪತ್ನಿಗೂ ಇದು ಸುಲಭವಲ್ಲವೆಂದು ತಿಳಿದಿರಲಿ. ಮಗುವಿನ ಅಳು ಕೇಳಿದರೆ ಆಕೆಯ ಎದೆಯಲ್ಲಿ ಹಾಲು ತಾನಾಗಿ ಸೊರೆಯುತ್ತದೆ, ಬಾಗಿಲ ಈಚೆಗೆ ಸುಮ್ಮನೆ ಕೂರುವುದು ಆಕೆಗೆ ನಿಜವಾದ ಕಷ್ಟ. ಆಕೆ ಮಗುವನ್ನು ನಿಮ್ಮಿಂದ ತೆಗೆದುಕೊಳ್ಳುವುದನ್ನು ಅಪನಂಬಿಕೆ ಎಂದು ಭಾವಿಸಬೇಡಿ, ಮುಂಚಿತವಾಗಿ ಮಾತನಾಡಿ ಒಪ್ಪಿಗೆ ಪಡೆಯಿರಿ.

ಇನ್ನೊಂದು ಅವಕಾಶ ತಾನಾಗಿ ನಿಮ್ಮ ಮನೆಗೆ ಬರುತ್ತಿದೆ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಮಾತ್ರ ಸಾಕು, ಅದನ್ನು ನೀವು ಕೊಡಲಾರಿರಿ. ಆರು ತುಂಬಿದ ಮೇಲೆ ರಾಗಿ ಮಣ್ಣಿ ಆರಂಭವಾಗುತ್ತದೆ, ಅದನ್ನು ಪೂರ್ತಿ ನೀವೇ ಕೊಡಬಹುದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಿದ ಹಿಟ್ಟನ್ನು ಈಗಲೇ ಸಿದ್ಧ ಮಾಡಿಟ್ಟುಕೊಳ್ಳಿ. ಗಂಟಾಗದಂತೆ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಚಮಚದಿಂದ ಜಾರಿ ಹೋಗದಷ್ಟು ಗಟ್ಟಿಯಾಗಿ ಬೇಯಿಸಬೇಕು. ಮೊದಲ ದಿನ ಒಂದೆರಡು ಚಮಚ ಸಾಕು; ಅದರಲ್ಲೂ ಅರ್ಧವನ್ನು ಮಗು ನಾಲಗೆಯಿಂದ ಹೊರದೂಡುತ್ತದೆ.

ನಿಮ್ಮಿಬ್ಬರ ಮಾತು ನಿಂತಿರುವ ಬಗ್ಗೆ ಬರೆದಿದ್ದೀರಿ. ನಿದ್ದೆಗೆಟ್ಟವರಿಗೆ ಮಾತು ಬರುವುದಿಲ್ಲ, ಮೊದಲು ಆಕೆಗೆ ನಿದ್ದೆ ಸಿಗಲಿ. ರಾತ್ರಿ ಹಾಲು ಕುಡಿಸಿದ ನಂತರ ಮಗುವನ್ನು ಮಲಗಿಸುವ ಕೆಲಸ ನಿಮ್ಮದಾದರೆ ಆಕೆಗೆ ಪ್ರತಿ ಸಲ ಅರ್ಧ ಗಂಟೆಯಾದರೂ ಉಳಿಯುತ್ತದೆ. ದಾಂಪತ್ಯದ ಸಾಮೀಪ್ಯದ ವಿಚಾರವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಕಡಿಮೆಯಿರುವುದರಿಂದ ಆಸೆ ಕುಗ್ಗುವುದು, ನೋವಾಗುವುದು ಸಾಮಾನ್ಯ, ಅದನ್ನು ಪ್ರೀತಿಯ ಕೊರತೆ ಎಂದು ಓದಬೇಡಿ. ಮುಟ್ಟು ಮರಳುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದು, ಆದ್ದರಿಂದ ಗರ್ಭನಿರೋಧಕದ ಬಗ್ಗೆ ವೈದ್ಯರನ್ನು ಈಗಲೇ ಕೇಳಿ.

ಈಗ ನನಗೆ ಕಾಳಜಿಯಾಗಿರುವ ಭಾಗಕ್ಕೆ ಬರುತ್ತೇನೆ. ಹೆರಿಗೆಯಾದ ಮೂರನೇ ನಾಲ್ಕನೇ ದಿನದಿಂದ ಕಾರಣವಿಲ್ಲದೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣುತ್ತದೆ, ಎರಡು ವಾರಗಳೊಳಗೆ ತಾನಾಗಿ ಹೋಗುತ್ತದೆ. ನಿಮ್ಮ ಪತ್ನಿ ಐದು ತಿಂಗಳಾದ ಮೇಲೆ ಅಳುತ್ತಿದ್ದಾರೆ, ಇದನ್ನು ಬಾಣಂತಿಯರಿಗೆ ಇದ್ದದ್ದೇ ಎಂದು ತಳ್ಳಿಹಾಕುವಂತಿಲ್ಲ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ. 22ರಷ್ಟು ತಾಯಂದಿರನ್ನು ಹೆರಿಗೆಯ ನಂತರದ ಖಿನ್ನತೆ ಕಾಡುತ್ತದೆ, ಎಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಮಗು ಗಾಢ ನಿದ್ದೆಯಲ್ಲಿದ್ದಾಗಲೂ ಆಕೆಗೆ ನಿದ್ದೆ ಬರುವುದಿಲ್ಲವೇ? ಒಂದೆರಡು ಸಲ ಉಸಿರು ನೋಡಿ ಸಮಾಧಾನಗೊಳ್ಳುತ್ತಾರೆಯೇ, ಅಥವಾ ನೋಡಿದ ಮರುಕ್ಷಣವೇ ಮತ್ತೆ ನೋಡಬೇಕೆನಿಸುತ್ತದೆಯೇ? ತಾನು ಒಳ್ಳೆಯ ತಾಯಿಯಲ್ಲ ಎನ್ನುತ್ತಾರೆಯೇ? ಊಟ ಸೇರುತ್ತಿಲ್ಲವೇ? ಇವುಗಳಲ್ಲಿ ಯಾವುದಾದರೂ ಎರಡು ವಾರಗಳಿಂದ ಇದ್ದರೆ ವೈದ್ಯರನ್ನು ಕಾಣಿ. ಬದುಕುವುದೇ ಬೇಡ ಎಂಬ ಮಾತು ಬಂದಿದ್ದರೆ ಒಂದು ದಿನವೂ ಕಾಯಬೇಡಿ.

ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೊ ಮಾಪನ ಎಂಬ ಹತ್ತು ಪ್ರಶ್ನೆಗಳ ಸರಳ ಪಟ್ಟಿಯೊಂದಿದೆ, 1987ರಿಂದ ಬಳಕೆಯಲ್ಲಿದೆ, ಕನ್ನಡದಲ್ಲಿಯೂ ಲಭ್ಯವಿದೆ. ವೈದ್ಯರು ಅದನ್ನು ಹತ್ತು ನಿಮಿಷಗಳಲ್ಲಿ ಕೇಳಿ ಮುಗಿಸಬಲ್ಲರು. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಏಕೆಂದರೆ ರಕ್ತಹೀನತೆ ಮತ್ತು ಹೆರಿಗೆಯ ನಂತರ ಕಾಣಿಸಿಕೊಳ್ಳುವ ಥೈರಾಯ್ಡ್ ಏರುಪೇರು ಎರಡೂ ಖಿನ್ನತೆಯ ವೇಷದಲ್ಲಿ ಬರುತ್ತವೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ಹಾಲು ನಿಲ್ಲಿಸಬೇಕಾದೀತು ಎಂಬ ಹೆದರಿಕೆಯಿಂದ ಚಿಕಿತ್ಸೆ ಮುಂದೂಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ 2009ರಿಂದ ನಡೆಯುತ್ತಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಕರೆಯುವ ತೀವ್ರ ಕಾಯಿಲೆ ಸಾವಿರದಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ ಬರುತ್ತದೆ. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಬಾಣಂತಿ ಅಸಂಬದ್ಧವಾಗಿ ಮಾತನಾಡಿದರೆ, ದಿನಗಟ್ಟಲೆ ನಿದ್ದೆ ಮಾಡದಿದ್ದರೆ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ವ್ಯಕ್ತಪಡಿಸಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ದೃಷ್ಟಿ ತೆಗೆಯುತ್ತ ಕೂರಬಾರದು.

ನಿಮ್ಮನ್ನೂ ಮರೆಯುವಂತಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಈ ಅವಧಿಯಲ್ಲಿ ತಂದೆಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಖಿನ್ನತೆಗೆ ಒಳಗಾಗುತ್ತಾರೆ. ಗಂಡಸರಲ್ಲಿ ಅದು ಅಳುವಿಗಿಂತ ಸಿಟ್ಟಾಗಿ, ಕಚೇರಿಯಲ್ಲೇ ಹೊತ್ತು ಕಳೆಯುವುದಾಗಿ, ಕುಡಿತವಾಗಿ ತೋರಬಹುದು. ತಂದೆಯಾದೆ ಎಂಬ ಭಾವ ಬಾರದಿರುವುದರ ಜೊತೆಗೆ ಬೇರೆ ಯಾವುದರಲ್ಲಿಯೂ ಹಿತವೆನಿಸದಿದ್ದರೆ ವೈದ್ಯರ ಬಳಿ ಇಬ್ಬರೂ ಮಾತನಾಡಿ.

ಕೊನೆಯದಾಗಿ ಆಕೆಯ ರಜೆಯ ವಿಷಯ. ಕಾನೂನು ಆಕೆಗೆ 26 ವಾರಗಳ ವೇತನಸಹಿತ ರಜೆ ಕೊಡುತ್ತದೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಕೊಡಬೇಕು. ಇವನ್ನು ಆಕೆ ಕೇಳಿ ಪಡೆಯಲಿ. ಕೇಂದ್ರ ಸರ್ಕಾರಿ ನೌಕರರಾದ ತಂದೆಯರಿಗೆ 15 ದಿನಗಳ ರಜೆಯಿದೆ, ಖಾಸಗಿ ಸಂಸ್ಥೆಗಳಲ್ಲಿ ಅದು ಆಯಾ ಕಂಪನಿಯ ಮರ್ಜಿ. ನಿಮ್ಮ ಪಿತೃತ್ವ ರಜೆ ಉಳಿದಿದೆಯೇ ವಿಚಾರಿಸಿ, ಇಲ್ಲದಿದ್ದರೆ ಗಳಿಕೆ ರಜೆ ಹಾಕಿ, ಆಕೆ ಕೆಲಸಕ್ಕೆ ಮರಳುವ ಮೊದಲ ವಾರ ನೀವು ಮನೆಯಲ್ಲಿರಿ. ಹೆರಿಗೆಯ ದಿನ ತೆಗೆದುಕೊಂಡ ರಜೆ ಆಸ್ಪತ್ರೆಯ ಬಿಲ್ಲು ಕಟ್ಟುವುದರಲ್ಲಿ, ಪೇಡೆ ಹಂಚುವುದರಲ್ಲಿ ಕಳೆದುಹೋಗುತ್ತದೆ. ನಿಮ್ಮ ಮಗಳಿಗೂ ನಿಮ್ಮ ಪತ್ನಿಗೂ ನೀವು ಅತ್ಯಂತ ಬೇಕಾಗುವುದು ಈ ವಾರದಲ್ಲಿ. ಅಮ್ಮ ಜೊತೆಗಿರಲಿ, ಆದರೆ ಮಗುವಿನ ಹೊಣೆ ನಿಮ್ಮದೆಂದು ಮೊದಲೇ ಹೇಳಿಡಿ. ಮೊದಲ ದಿನ ನಿಮ್ಮ ಪತ್ನಿ ಹೊರಟ ಮೇಲೆ ಮಗು ಬಾಗಿಲ ಕಡೆ ನೋಡಿ ಅಳುತ್ತದೆ. ಆಗ ಆಕೆಗೆ ಫೋನ್ ಮಾಡಬೇಡಿ. ಸಂಜೆ ಆಕೆ ಬಂದು ಚಪ್ಪಲಿ ಬಿಡುವಾಗ, ಎಷ್ಟು ಹೊತ್ತು ಅತ್ತಳು, ಯಾವುದಕ್ಕೆ ಸುಮ್ಮನಾದಳು, ಎಷ್ಟು ಚಮಚ ಮಣ್ಣಿ ತಿಂದಳು ಎಂಬುದನ್ನೆಲ್ಲ ನೀವೇ ವಿವರವಾಗಿ ಹೇಳಿ.